ದುಃಖದ ತಾಯಿ ಕೇಳುವ ಪ್ರಶ್ನೆ

ಯುದ್ಧದಲ್ಲಿ ಮಡಿದ ಸೈನಿಕನಿಗೆ ನಾವೆಲ್ಲರೂ ತಲೆಬಾಗುತ್ತೇವೆ. ಅದು ಸರಿಯೇ. ಆದರೆ ಅವನ ಹೆತ್ತ ತಾಯಿಯೇ "ಈ ಯುದ್ಧ ಬೇಕಿತ್ತೇ?" ಎಂದು ಕೇಳಿದರೆ? ಆಕೆ ಮಗನ ತ್ಯಾಗಕ್ಕೆ ಅಗೌರವ ತೋರಿದಂತಾಗುತ್ತದೆಯೇ?

ಅಮೆರಿಕದ ಸಿಂಡಿ ಶೀಹನ್ ಕ್ಯಾಲಿಫೋರ್ನಿಯದ ಕಥೋಲಿಕ ಧರ್ಮಕೇಂದ್ರವೊಂದರಲ್ಲಿ ಯುವಜನರ ಸೇವೆಯಲ್ಲಿದ್ದವರು. ಮಗ ಕೇಸಿ ಪೀಠಬಾಲಕನಾಗಿದ್ದವನು. ಮುಂದೆ ಸೈನ್ಯದಲ್ಲಿ ವಾಹನಗಳ ಮೆಕ್ಯಾನಿಕ್ ಆದ. 2004ರ ಏಪ್ರಿಲ್ 4, ಗರಿಗಳ ಭಾನುವಾರ. ಇರಾಕಿನ ಬಾಗ್ದಾದ್ ನಗರದಲ್ಲಿ ಸಿಕ್ಕಿಬಿದ್ದ ಸಂಗಡಿಗರನ್ನು ಬಿಡಿಸಲು ಹೊರಟ ತಂಡದಲ್ಲಿದ್ದ ಕೇಸಿ ಗುಂಡಿಗೆ ಬಲಿಯಾದ. ವಯಸ್ಸು 24.

ಯುದ್ಧಕ್ಕೆ ಕಾರಣವೆಂದು ಹೇಳಿದ್ದ ಸಾಮೂಹಿಕ ವಿನಾಶದ ಅಸ್ತ್ರಗಳ ದಾಸ್ತಾನು ಇರಾಕಿನಲ್ಲಿ ಸಿಗಲಿಲ್ಲ. 2004ರಲ್ಲಿ ಇತರ ಕುಟುಂಬಗಳ ಜೊತೆ ಅಧ್ಯಕ್ಷ ಬುಷ್ ಅವರನ್ನು ಕಂಡಿದ್ದ ಸಿಂಡಿ, 2005ರ ಆಗಸ್ಟ್ 6ರಂದು ಟೆಕ್ಸಾಸಿನ ಕ್ರಾಫರ್ಡ್‌ಗೆ ಹೋಗಿ, ಅವರ ತೋಟದ ಮನೆಯ ದಾರಿಯಲ್ಲಿ ಬೀಡುಬಿಟ್ಟರು. ತನ್ನ ಮಗ ಯಾವ ಘನ ಉದ್ದೇಶಕ್ಕಾಗಿ ಸತ್ತ ಎಂಬುದೇ ಅವರ ಪ್ರಶ್ನೆ. ಇಬ್ಬರು ಅಧಿಕಾರಿಗಳು ಬಂದು ಮಾತನಾಡಿದರು, ಅಧ್ಯಕ್ಷರು ಬರಲಿಲ್ಲ. ಸಾವಿರಾರು ಜನ ಆಕೆಯ ಬಳಿ ಸೇರಿದರು.

ಆದರೆ ಕೆಲವು ಬಂಧುಗಳೇ ಆಕೆಯನ್ನು ಒಪ್ಪಲಿಲ್ಲ. ದಾಂಪತ್ಯ ಮುರಿಯಿತು. ಮಕ್ಕಳನ್ನು ಕಳೆದುಕೊಂಡ ಬೇರೆ ಕೆಲವು ತಂದೆತಾಯಿಯರು ಯುದ್ಧವನ್ನು ಸಮರ್ಥಿಸಿದರು. ಅವರ ಕಣ್ಣೀರೂ ಕಣ್ಣೀರೇ.

ಧರ್ಮಸಭೆಯ ಬೋಧನೆ ಏನು? ಸೈನಿಕನು ಕರ್ತವ್ಯವನ್ನು ಸರಿಯಾಗಿ ಮಾಡಿದರೆ ಅದು ಜನಹಿತದ ಸೇವೆ ಎನ್ನುತ್ತದೆ ಕಥೋಲಿಕ ಧರ್ಮೋಪದೇಶ. ಅದರ ಜೊತೆಗೇ ಯುದ್ಧಕ್ಕೆ ಕಟ್ಟುನಿಟ್ಟಾದ ಷರತ್ತುಗಳನ್ನೂ ಇಡುತ್ತದೆ: ಶತ್ರುವಿನಿಂದಾಗುವ ಹಾನಿ ಘೋರವೂ ಖಚಿತವೂ ಆಗಿರಬೇಕು, ಬೇರೆಲ್ಲ ದಾರಿಗಳೂ ಮುಚ್ಚಿರಬೇಕು, ಯಶಸ್ಸಿನ ನಿಜವಾದ ಭರವಸೆ ಇರಬೇಕು, ಶಸ್ತ್ರದಿಂದ ಇನ್ನೂ ದೊಡ್ಡ ಕೇಡಾಗಬಾರದು. ಇರಾಕಿನ ಯುದ್ಧ ಬೇಡವೆಂದು ಪೋಪ್ ಎರಡನೇ ಜಾನ್ ಪಾಲರು 2003ರಲ್ಲೇ ಎಚ್ಚರಿಸಿದ್ದರು.

ಆದ್ದರಿಂದ ಮಗನನ್ನು ಗೌರವಿಸುವುದು, ಯುದ್ಧವನ್ನು ಪ್ರಶ್ನಿಸುವುದು ಎರಡೂ ಒಂದೇ ಹೃದಯದಲ್ಲಿ ಇರಬಹುದು. ಹೆರೋದನು ಮಕ್ಕಳನ್ನು ಕೊಲ್ಲಿಸಿದಾಗ, ಸಮಾಧಾನವೇ ಬೇಡವೆಂದು ಅತ್ತ ರಾಖೇಲಳನ್ನು ಶುಭಸಂದೇಶ ನೆನೆಯುತ್ತದೆ, ಆಕೆಯನ್ನು ಗದರಿಸುವುದಿಲ್ಲ.

ನಿಮ್ಮ ಧರ್ಮಕೇಂದ್ರದಲ್ಲೂ ಸೈನಿಕರ ಮನೆಗಳಿರಬಹುದು. ಮಗನನ್ನು ಕಳೆದುಕೊಂಡವರ ಬಳಿ ಹೋದಾಗ "ಅಳಬೇಡಿ, ಹೆಮ್ಮೆಪಡಿ" ಎಂದು ಬಾಯಿ ಕಟ್ಟಬೇಡಿ. ಪಕ್ಕದಲ್ಲಿ ಕುಳಿತು ಅವರ ಮಾತು ಕೇಳಿ. ಇಂದು ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ ನಮ್ಮ ಸೈನಿಕರ ಜೊತೆಗೆ ಗಡಿಯಾಚೆ ಅಳುತ್ತಿರುವ ತಾಯಿಯನ್ನೂ ನೆನೆಯಿರಿ.