ಕಬ್ಬಿಣದ ಉಲ್ಕಾಪಿಂಡಗಳ ಸಂರಕ್ಷಣೆ

ಅಂತರಿಕ್ಷದಿಂದ ಬಿದ್ದ ಕಬ್ಬಿಣವೂ ತುಕ್ಕು ಹಿಡಿಯುತ್ತದೆ. ಅದರಲ್ಲಿರುವ ನಿಕ್ಕಲ್ ಅದನ್ನು ಪೂರ್ಣವಾಗಿ ಕಾಪಾಡಲಾರದು. ಲಕ್ಷಾಂತರ ವರ್ಷಗಳ ನಿಧಾನ ತಣಿವಿನಿಂದ ಒಳಗೆ ಮೂಡಿದ ವಿಡ್ಮನ್‌ಸ್ಟಾಟನ್ ಹರಳುವಿನ್ಯಾಸವು ತುಕ್ಕಾದ ಭಾಗದಲ್ಲಿ ಶಾಶ್ವತವಾಗಿ ಅಳಿದುಹೋಗುತ್ತದೆ.

ಇದಕ್ಕೆ ಮುಖ್ಯ ಕಾರಣ ಕ್ಲೋರೈಡ್. ಇದು ಉಲ್ಕೆಯೊಡನೆಯೇ ಬಂದುದೆಂದು ಹಿಂದೆ ನಂಬಲಾಗಿತ್ತು. ವಾಸ್ತವವಾಗಿ, ಪಿಂಡವು ಮಣ್ಣಿನಲ್ಲಿ ಹುದುಗಿದ್ದಾಗ ಅಂತರ್ಜಲದ ಮೂಲಕ ಅದರ ಬಿರುಕುಗಳನ್ನು ಸೇರುತ್ತದೆ. 1947ರಲ್ಲಿ ರಷ್ಯಾದ ಸಿಖೋತೆ-ಅಲಿನ್‌ನಲ್ಲಿ ಬಿದ್ದು ಬೇಗನೆ ಸಂಗ್ರಹಿಸಲ್ಪಟ್ಟ ತುಂಡುಗಳು ಬಹುಮಟ್ಟಿಗೆ ಸುಸ್ಥಿತಿಯಲ್ಲಿವೆ. ದೀರ್ಘಕಾಲ ನೆಲದಲ್ಲಿದ್ದ ಚೀನಾದ ನಾಂದಾನ್ ತುಂಡುಗಳು ಪದರ ಪದರವಾಗಿ ಉದುರುತ್ತವೆ.

ಕ್ಲೋರೈಡ್ ಈ ಕ್ರಿಯೆಯಲ್ಲಿ ವ್ಯಯವಾಗದೆ ಮತ್ತೆ ಮತ್ತೆ ಕಬ್ಬಿಣವನ್ನು ತಿನ್ನುತ್ತದೆ. ಆದುದರಿಂದ ಮೇಲೆ ಎಣ್ಣೆ ಅಥವಾ ವಾರ್ನಿಷ್ ಬಳಿಯುವುದೆಂದರೆ ಕಳ್ಳನನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಮೊದಲು ದುರ್ಬಲ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ವಾರಗಟ್ಟಲೆ ನೆನೆಯಿಟ್ಟು, ದ್ರಾವಣವನ್ನು ಆಗಾಗ ಬದಲಿಸುತ್ತಾ ಕ್ಲೋರೈಡನ್ನು ಹೊರಸೆಳೆಯಬೇಕು. (ಈ ದ್ರಾವಣವು ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ, ಕೈಗವಸು, ರಕ್ಷಣಾ ಕನ್ನಡಕ ಅವಶ್ಯ.) ಬಳಿಕ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಹದವಾದ ಶಾಖದಲ್ಲಿ ಪೂರ್ಣವಾಗಿ ಒಣಗಿಸಿ, ತೆಳುವಾಗಿ ಮೇಣ ಸವರಬಹುದು.

ಮುಂಬಯಿ, ಚೆನ್ನೈಗಳಂತಹ ಕಡಲತೀರದ ನಗರಗಳಲ್ಲಿ ತೆರೆದ ಕಪಾಟು ಸಲ್ಲದು. ಗಾಳಿಯಾಡದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್‌ನೊಡನೆ ಇರಿಸಿ, ಜೆಲ್ ತೇವ ಹೀರಿದಾಗಲೆಲ್ಲ ಒಣಗಿಸಿ ಮತ್ತೆ ಇಡಬೇಕು. ಪಿಂಡವನ್ನು ಬರಿಗೈಯಿಂದ ಮುಟ್ಟಬಾರದು. ಬೆವರಿನಲ್ಲಿಯೂ ಕ್ಲೋರೈಡ್ ಉಂಟು.