ಶೆಲ್ ಸ್ಕ್ರಿಪ್ಟ್‌ನಲ್ಲಿ ಕೋಟ್ ಒಳಗಿನ ಕೋಟ್

ನಮ್ಮ ಲ್ಯಾಬಿನಲ್ಲಿ ಯಾವುದೇ ಕಮಾಂಡ್ ಕೊಡುವ ಮುನ್ನ ‘ದಾಖಲು’ ಎಂದು ಟೈಪ್ ಮಾಡಬೇಕೆಂಬ ನಿಯಮ ದ್ವಿತೀಯ ಪಿಯುಸಿ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಗೊತ್ತೇ ಇದೆ. ಒಂದೇ ಕಂಪ್ಯೂಟರನ್ನು ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು ಬಳಸುತ್ತೀರಿ. ಫೈಲ್ ಕಾಣೆಯಾದರೆ ಯಾರು ಏನು ಮಾಡಿದರೆಂದು ತಿಳಿಯಬೇಕಲ್ಲ, ಅದಕ್ಕಾಗಿ ನಾನೇ ಬರೆದ ಪುಟ್ಟ ಸ್ಕ್ರಿಪ್ಟ್ ಅದು. ಕೊಟ್ಟ ಕಮಾಂಡನ್ನು ಲಾಗ್ ಫೈಲಿನಲ್ಲಿ ಒಂದು ಸಾಲಾಗಿ ಬರೆದಿಡುತ್ತದೆ, ಆಮೇಲೆ ಅದನ್ನು ನಡೆಸುತ್ತದೆ. ಇಷ್ಟೇ ಕೆಲಸ. ಇಷ್ಟರಲ್ಲೇ ನಾನೊಂದು ತಪ್ಪು ಮಾಡಿದ್ದೆ. ಅದರ ಬೆಲೆ ತೆತ್ತದ್ದು ನಿಮ್ಮಲ್ಲೊಬ್ಬಳು.

ಮುಂದೆ ಓದುವ ಮೊದಲು ಒಂದು ಮಾತು. ಈ ಲೇಖನದಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರಗಳಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ, ಚಿಹ್ನೆಗಳನ್ನು ಮಾತ್ರ ಇದ್ದ ಹಾಗೆಯೇ ಇಡಿ.

ನಡೆದದ್ದು ಹೀಗೆ. ಆ ವಿದ್ಯಾರ್ಥಿನಿಯ ಫೋಲ್ಡರಿನಲ್ಲಿ ಎರಡು ಫೈಲ್ ಇದ್ದವು. ಒಂದರ ಹೆಸರು ‘ವರದಿ’, ಅದು ಮರುದಿನ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿ. ಇನ್ನೊಂದು ‘ಹಳೆ ವರದಿ’, ನಡುವೆ ಒಂದು ಜಾಗ ಬಿಟ್ಟ ಹೆಸರು, ಬೇಡವಾದ ಕರಡು. ಕರಡನ್ನು ಅಳಿಸಲು ಅವಳು ಹೀಗೆ ಬರೆದಳು:

ದಾಖಲು ಆರ್‌ಎಂ "ಹಳೆ ವರದಿ"

ಸ್ವಲ್ಪ ಹೊತ್ತಿಗೆ ಬಂದು, "ಸರ್, ನನ್ನ ವರದಿಯೇ ಹೋಗಿದೆ" ಎಂದಳು. ನಾನು ಲಾಗ್ ತೆಗೆದು ನೋಡಿದೆ. ಅದರಲ್ಲಿದ್ದ ಸಾಲು:

ಆರ್‌ಎಂ ಹಳೆ ವರದಿ

"ನೋಡಮ್ಮ, ಕೋಟ್ ಹಾಕದೆ ಅಳಿಸಿದ್ದೀಯ. ‘ಹಳೆ’ ಒಂದು ಫೈಲು, ‘ವರದಿ’ ಇನ್ನೊಂದು ಫೈಲು ಅಂತ ಕಂಪ್ಯೂಟರ್ ತಿಳಿದುಕೊಂಡಿದೆ. ಎಷ್ಟು ಸಲ ಹೇಳಿದ್ದೇನೆ?" ಎಂದು ಎಲ್ಲರ ಮುಂದೆ ಗದರಿಸಿದೆ. "ಕೋಟ್ ಹಾಕಿದ್ದೆ ಸರ್" ಎಂದಳು. ಲಾಗ್ ಸುಳ್ಳು ಹೇಳುತ್ತದೆಯೇ ಎಂದು ಕೇಳಿದೆ. ಅವಳು ಉತ್ತರ ಕೊಡದೆ ತನ್ನ ಸ್ಥಳಕ್ಕೆ ಹೋಗಿ, ಕೀಬೋರ್ಡಿನ ಮೇಲ್ಬಾಣದ ಕೀಲಿಯನ್ನು ಎರಡು ಸಲ ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದಳು. ಅವಳು ಟೈಪ್ ಮಾಡಿದ ಸಾಲು ಅಲ್ಲಿತ್ತು, ಎರಡೂ ಡಬಲ್ ಕೋಟ್ ಸಮೇತ.

ಟರ್ಮಿನಲ್ಲಿನ ಹಿಸ್ಟರಿ ನೀವು ಒತ್ತಿದ ಸಾಲನ್ನು ಒತ್ತಿದ ಹಾಗೆಯೇ ಇಟ್ಟುಕೊಳ್ಳುತ್ತದೆ, ಶೆಲ್ ಅದನ್ನು ಬಿಡಿಸಿ ಅರ್ಥಮಾಡುವ ಮೊದಲೇ. ನನ್ನ ಸ್ಕ್ರಿಪ್ಟ್‌ಗೆ ಸಿಗುತ್ತಿದ್ದದ್ದು ಬಿಡಿಸಿಯಾದ ಮೇಲಿನದು. ಅವಳ ಕೈಯಲ್ಲಿದ್ದ ಸಾಕ್ಷಿ ನನ್ನ ಕೈಯಲ್ಲಿದ್ದದ್ದಕ್ಕಿಂತ ಗಟ್ಟಿ. ಫೋಲ್ಡರ್ ತೆರೆದು ನೋಡಿದರೆ ‘ಹಳೆ ವರದಿ’ ಇನ್ನೂ ಅಲ್ಲೇ ಕೂತಿತ್ತು. ‘ಹಳೆ’ ಎಂಬ ಫೈಲ್ ಇಲ್ಲ ಎಂಬ ದೂರೂ ಪರದೆಯ ಮೇಲೆ ಬಿದ್ದಿತ್ತು. ಅದನ್ನು ನಾನು ಮೊದಲೇ ಓದಿದ್ದರೆ ಗದರಿಸುವ ಪ್ರಮೇಯ ಬರುತ್ತಿರಲಿಲ್ಲ.

ಕೋಟ್ ಎಲ್ಲಿ ಹೋಯಿತು? ಇದು ಅರ್ಥವಾದರೆ ಉಳಿದದ್ದೆಲ್ಲ ಸುಲಭ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಸ್ಕಾಲರ್‌ಶಿಪ್ ಅರ್ಜಿಯನ್ನು ಲಕೋಟೆಯಲ್ಲಿ ಹಾಕಿ ಕಚೇರಿಗೆ ಕೊಡುತ್ತೀರಿ. ಕಚೇರಿಯವರು ಲಕೋಟೆ ಒಡೆದು, ಕಾಗದಗಳನ್ನು ತೆಗೆದುಕೊಂಡು, ಲಕೋಟೆಯನ್ನು ಬುಟ್ಟಿಗೆ ಹಾಕುತ್ತಾರೆ. ಆ ಕಾಗದಗಳು ಮುಂದಿನ ಕಚೇರಿಗೂ ಒಟ್ಟಿಗೇ ಹೋಗಬೇಕಿದ್ದರೆ ಒಳಗೆ ಇನ್ನೊಂದು ಲಕೋಟೆ ಇರಬೇಕಿತ್ತು, ಇಲ್ಲವೇ ಈ ಕಚೇರಿಯವರು ಹೊಸ ಲಕೋಟೆ ಹಾಕಬೇಕು. ಶೆಲ್‌ನಲ್ಲಿ ಕೋಟ್ ಎಂದರೆ ಆ ಲಕೋಟೆ. ‘ಇದರೊಳಗಿನದು ಒಂದೇ ಪದ, ಒಡೆಯಬೇಡ’ ಎಂದು ಶೆಲ್‌ಗೆ ಹೇಳುವುದಷ್ಟೇ ಅದರ ಕೆಲಸ. ಶೆಲ್ ಅದನ್ನು ಓದಿ ಕಿತ್ತು ಹಾಕುತ್ತದೆ. ಮುಂದಿನ ಪ್ರೋಗ್ರಾಮಿಗೆ ಕೋಟ್ ಎಂದೂ ತಲುಪುವುದಿಲ್ಲ.

ನನ್ನ ಸ್ಕ್ರಿಪ್ಟ್‌ಗೆ ಬಂದದ್ದು ಎರಡು ಆರ್ಗ್ಯುಮೆಂಟ್: ಮೊದಲನೆಯದು ಆರ್‌ಎಂ, ಎರಡನೆಯದು ‘ಹಳೆ ವರದಿ’. ಇಲ್ಲಿಯವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ನಾನು ಬರೆದಿದ್ದ ಎರಡು ಸಾಲು ನೋಡಿ:

ಎಕೋ "$ಯೂಸರ್: $*" >> ಲಾಗ್
ಬ್ಯಾಶ್ -ಸಿ "$*"

ಡಬಲ್ ಕೋಟ್ ಒಳಗಿನ ಡಾಲರ್-ನಕ್ಷತ್ರ ಎಲ್ಲ ಆರ್ಗ್ಯುಮೆಂಟ್‌ಗಳನ್ನೂ ನಡುವೆ ಒಂದೊಂದು ಜಾಗ ಬಿಟ್ಟು ಒಂದೇ ಸಾಲಾಗಿ ಹೊಲಿಯುತ್ತದೆ. ಹೊಲಿದ ಮೇಲೆ ಯಾವ ಜಾಗ ಹೆಸರಿನೊಳಗಿನದು, ಯಾವ ಜಾಗ ಎರಡು ಪದಗಳ ನಡುವಿನದು ಎಂದು ಯಾರೂ ಹೇಳಲಾರರು. ಲಾಗ್‌ಗೆ ಹೋದದ್ದು ಆ ಹೊಲಿದ ಸಾಲು. ಇನ್ನೂ ಕೆಟ್ಟದ್ದೆಂದರೆ ಬ್ಯಾಶ್ -ಸಿ ಅದೇ ಸಾಲನ್ನು ಇನ್ನೊಂದು ಶೆಲ್‌ಗೆ ಕೊಟ್ಟು ಮೊದಲಿನಿಂದ ಓದಿಸಿತು. ಆ ಎರಡನೇ ಶೆಲ್‌ಗೆ ಕೋಟ್ ಕಾಣಲಿಲ್ಲ, ಮೂರು ಪದ ಕಂಡಿತು. ‘ಹಳೆ’ ಸಿಗಲಿಲ್ಲ ಎಂದು ದೂರಿ, ‘ವರದಿ’ಯನ್ನು ಅಳಿಸಿತು. ಹಾಗಾಗಿ ಲಾಗ್ ಹೇಳಿದ್ದು ಒಂದು ಅರ್ಥದಲ್ಲಿ ನಿಜ, ಆ ಕಮಾಂಡ್ ನಡೆದದ್ದು ಹೌದು. ಕೊಟ್ಟವಳು ಅವಳಲ್ಲ, ನನ್ನ ಸ್ಕ್ರಿಪ್ಟ್.

ಮುನ್ಸೂಚನೆ ಇರಲಿಲ್ಲವೆಂದೂ ಹೇಳುವಂತಿಲ್ಲ. ಹಿಂದೊಮ್ಮೆ ಪ್ರಥಮ ಪಿಯುಸಿಯ ಹುಡುಗನೊಬ್ಬ ದಾಖಲು ಎಕೋ "ಇಟ್'ಸ್ ಓವರ್" ಎಂದು ಕೊಟ್ಟು, ಜೊತೆ ಕೋಟ್ ಸಿಗಲಿಲ್ಲ ಎಂಬ ದೋಷಸಂದೇಶ ತೋರಿಸಿದ್ದ. ಹೊರಗಿನ ಡಬಲ್ ಕೋಟ್ ಮೊದಲ ಶೆಲ್‌ನಲ್ಲೇ ಉದುರಿ, ಎರಡನೇ ಶೆಲ್‌ಗೆ ಒಂಟಿ ಸಿಂಗಲ್ ಕೋಟ್ ಮಾತ್ರ ಸಿಕ್ಕಿತ್ತು. ನಾನೇನು ಮಾಡಿದೆ? "ಅಪಾಸ್ಟ್ರಫಿ ಹಾಕಬೇಡ ಮಾರಾಯ" ಎಂದು ಕಳಿಸಿದೆ. ಇನ್ನೊಬ್ಬ ದಾಖಲು ಎಕೋ "ಮುಗಿಯಿತು; ಎಲ್‌ಎಸ್" ಎಂದು ಕೊಟ್ಟಾಗ ಫೈಲುಗಳ ಪಟ್ಟಿಯೇ ಬಂದಿತ್ತು, ತಮಾಷೆಯೆಂದು ನಕ್ಕಿದ್ದೆವು. ಆ ಅರ್ಧವಿರಾಮದ ಮುಂದೆ ಎಲ್‌ಎಸ್ ಬದಲು ಬೇರೆ ಕಮಾಂಡ್ ಇದ್ದಿದ್ದರೆ ನಗು ಬರುತ್ತಿರಲಿಲ್ಲ.

ಕೋಟ್ ಒಳಗೆ ಕೋಟ್ ಎಂಬುದು ನಮ್ಮ ಮಾತಿನಲ್ಲಿ ದಿನವೂ ಇರುವಂಥದ್ದು. "ಅಬ್ಬಾ ಆರು ಗಂಟೆಗೆ ಬರ್ತಾರೆ ಅಂತ ಅಮ್ಮಿ ಹೇಳಿದ್ರು ಅಂತ ಹೇಳು." ಎರಡು ‘ಅಂತ’. ಪ್ರತಿಯೊಂದೂ ಮಾತು ಎಲ್ಲಿ ಮುಗಿಯಿತೆಂದು ಹೇಳುತ್ತದೆ, ಎಲ್ಲಿ ಶುರುವಾಯಿತೆಂದು ಹೇಳುವುದಿಲ್ಲ. ಆದರೂ ಮನೆಯ ಪುಟ್ಟ ಮಗು ಕೂಡ ತಪ್ಪದೆ ತಿಳಿದುಕೊಳ್ಳುತ್ತದೆ. ಶೆಲ್‌ಗೆ ಆ ಜಾಣ್ಮೆಯಿಲ್ಲ. ಅದು ಎಡದಿಂದ ಓದುತ್ತಾ ಹೋಗುತ್ತದೆ. ಡಬಲ್ ಕೋಟ್ ಕಂಡರೆ ಬಾಗಿಲು ತೆರೆಯಿತು, ಮತ್ತೊಂದು ಕಂಡರೆ ಮುಚ್ಚಿತು. ಒಳಗಿನ ಬಾಗಿಲು, ಹೊರಗಿನ ಬಾಗಿಲು ಎಂಬ ಭೇದ ಅದಕ್ಕಿಲ್ಲ.

ಎಕೋ "ಅವಳು "ಬರುವೆ ನಾಳೆ" ಎಂದಳು"

ಎಂದು ಬರೆದರೆ ‘ಬರುವೆ’ಗೆ ಮುಂಚಿನ ಕೋಟ್ ಮೊದಲನೆಯದನ್ನು ಮುಚ್ಚಿಬಿಡುತ್ತದೆ. ‘ಬರುವೆ ನಾಳೆ’ ಬೀದಿಗೆ ಬೀಳುತ್ತದೆ. ಪರದೆಯ ಮೇಲೆ ಸಾಲು ಹೆಚ್ಚುಕಡಿಮೆ ಸರಿಯಾಗಿಯೇ ಕಾಣುವುದರಿಂದ ಮೋಸ ಹೋಗುತ್ತೇವೆ. ಇಂಥ ಅನುಮಾನ ಬಂದಾಗ ನಾನು ಬಳಸುವುದು ‘ತೋರಿಸು’ ಎಂಬ ಒಂದೇ ಸಾಲಿನ ಸ್ಕ್ರಿಪ್ಟ್:

ಪ್ರಿಂಟ್‌ಎಫ್ '<%ಎಸ್>\ಎನ್' "$@"

ಬಂದ ಪ್ರತಿ ಆರ್ಗ್ಯುಮೆಂಟನ್ನೂ ಇದು ಕೋನಾಕಾರದ ಕಂಸದಲ್ಲಿ ಬೇರೆಬೇರೆ ಸಾಲಾಗಿ ತೋರಿಸುತ್ತದೆ. ಮೇಲಿನ ಉದಾಹರಣೆಯಲ್ಲಿ ಎಕೋ ಜಾಗದಲ್ಲಿ ‘ತೋರಿಸು’ ಹಾಕಿ ನೋಡಿ, ಒಂದರ ಬದಲು ಎರಡು ಸಾಲು ಬರುತ್ತವೆ. ಅಳಿಸುವ ಕಮಾಂಡ್ ಕೊಡುವ ಮುನ್ನ ಆರ್‌ಎಂ ಬದಲು ‘ತೋರಿಸು’ ಹಾಕಿ ಒಮ್ಮೆ ನೋಡಿಕೊಳ್ಳುವುದು ಒಳ್ಳೆಯ ಅಭ್ಯಾಸ.

ಒಳಗೆ ಕೋಟ್ ಬೇಕೇ ಬೇಕೆಂದರೆ ಹೊರಗೆ ಸಿಂಗಲ್, ಒಳಗೆ ಡಬಲ್ ಇಡುವುದು ಸುಲಭದ ದಾರಿ. ಸಿಂಗಲ್ ಕೋಟ್ ಒಳಗೆ ಯಾವುದಕ್ಕೂ ಜೀವವಿಲ್ಲ. ಡಾಲರ್ ಡಾಲರೇ, ಬ್ಯಾಕ್‌ಸ್ಲ್ಯಾಷ್ ಬ್ಯಾಕ್‌ಸ್ಲ್ಯಾಷೇ. ಅದೇ ಕಾರಣಕ್ಕೆ ಸಿಂಗಲ್ ಕೋಟ್ ಒಳಗೆ ಸಿಂಗಲ್ ಕೋಟನ್ನು ಯಾವ ಉಪಾಯದಿಂದಲೂ ಇಡಲಾಗದು. ಹೊರಗೆ ಬಂದು ಮತ್ತೆ ಒಳಗೆ ಹೋಗಬೇಕು:

ಎಕೋ 'ಇಟ್'\''ಸ್ ಓವರ್'

ನಡುವಿನ ನಾಲ್ಕು ಚಿಹ್ನೆ ನೋಡಿ ಹೆದರಬೇಡಿ. ಮೊದಲನೆಯದು ಮುಚ್ಚುತ್ತದೆ, ಬ್ಯಾಕ್‌ಸ್ಲ್ಯಾಷ್ ಮತ್ತು ಅದರ ಮುಂದಿನದು ಸೇರಿ ಒಂದು ನಿಜವಾದ ಅಪಾಸ್ಟ್ರಫಿ, ಕೊನೆಯದು ಮತ್ತೆ ತೆರೆಯುತ್ತದೆ. ನಡುವೆ ಜಾಗವಿಲ್ಲದ ಕಾರಣ ಮೂರು ತುಂಡೂ ಅಂಟಿಕೊಂಡು ಒಂದೇ ಪದವಾಗುತ್ತವೆ.

ಈಗ ದುರಸ್ತಿಗೆ ಬರೋಣ. ನಿಜ ಹೇಳಬೇಕೆಂದರೆ ದುರಸ್ತಿಗೆ ಕೋಟ್‌ನ ಕಸರತ್ತು ಬೇಕಾಗಲಿಲ್ಲ, ಎರಡನೇ ಶೆಲ್ಲನ್ನೇ ತೆಗೆದುಹಾಕಿದರೆ ಸಾಕಿತ್ತು:

ಪ್ರಿಂಟ್‌ಎಫ್ '%ಕ್ಯೂ ' "$ಯೂಸರ್:" "$@" >> ಲಾಗ್
ಪ್ರಿಂಟ್‌ಎಫ್ '\ಎನ್' >> ಲಾಗ್
"$@"

ಕೊನೆಯ ಸಾಲು ಪೂರ್ತಿ ಕಮಾಂಡೇ ಹೌದು. ಡಬಲ್ ಕೋಟ್ ಒಳಗಿನ ಡಾಲರ್-ಆಟ್ ಹೊಲಿಯುವುದಿಲ್ಲ, ಬಂದ ಪದಗಳನ್ನು ಬಂದ ಹಾಗೆಯೇ ಬಿಡಿಬಿಡಿಯಾಗಿ ದಾಟಿಸುತ್ತದೆ. ಆ ಡಬಲ್ ಕೋಟ್ ಮರೆತರೆ ಮತ್ತೆ ಹಳೆಯ ಕಥೆ. ಲಾಗ್‌ನಲ್ಲಿ ಮಾತ್ರ ಸಾಲಾಗಿಯೇ ಬರೆಯಬೇಕು, ಹಾಗಾಗಿ ಅಲ್ಲಿ ಹೊಸ ಲಕೋಟೆ ಹಾಕುವ ಕೆಲಸ ‘ಶೇಕಡಾ-ಕ್ಯೂ’ನದು. ಪ್ರತಿ ಪದವನ್ನೂ ಶೆಲ್ ಮತ್ತೆ ಓದಿದರೆ ಅದೇ ಪದ ಸಿಗುವಂತೆ ಅದು ಬರೆಯುತ್ತದೆ. ಈಗ ಲಾಗ್‌ನಲ್ಲಿ ಬೀಳುವುದು:

ಆರ್‌ಎಂ ಹಳೆ\ ವರದಿ

ಅವಳು ಹಾಕಿದ ಡಬಲ್ ಕೋಟ್ ಇಲ್ಲೂ ಇಲ್ಲ, ಅದು ಮೊದಲ ಶೆಲ್‌ನಲ್ಲೇ ಹೋಯಿತು. ಆದರೆ ‘ಹಳೆ ವರದಿ’ ಒಂದೇ ಹೆಸರು ಎಂಬ ಸಂಗತಿ ಉಳಿದಿದೆ. ಇನ್ನೊಂದು ಲಾಭವೂ ಇದೆ. ಆರ್ಗ್ಯುಮೆಂಟ್‌ನೊಳಗೆ ಹೊಸ ಸಾಲು ತುರುಕಿ ಬೇರೆಯವರ ಹೆಸರಿನಲ್ಲಿ ಸುಳ್ಳು ದಾಖಲೆ ಬರುವಂತೆ ಮಾಡಲು ಹಳೆಯ ಸ್ಕ್ರಿಪ್ಟ್‌ನಲ್ಲಿ ಸಾಧ್ಯವಿತ್ತು. ‘ಶೇಕಡಾ-ಕ್ಯೂ’ ಹೊಸ ಸಾಲನ್ನೂ ಚಿಹ್ನೆಯಾಗಿ ಬರೆಯುವುದರಿಂದ ಒಂದು ಕಮಾಂಡ್‌ಗೆ ಒಂದೇ ಸಾಲು.

ಸ್ಕ್ರಿಪ್ಟ್‌ನ ಮೊದಲ ಸಾಲಿನಲ್ಲಿ ಬ್ಯಾಶ್ ಎಂದೇ ಇರಲಿ. ಉಬುಂಟುವಿನಲ್ಲಿ ಬರೀ ‘ಎಸ್‌ಎಚ್’ ಎಂದರೆ ಡ್ಯಾಶ್ ಎಂಬ ಬೇರೆ ಶೆಲ್, ಅದರ ಪ್ರಿಂಟ್‌ಎಫ್‌ಗೆ ‘ಶೇಕಡಾ-ಕ್ಯೂ’ ತಿಳಿಯದು.

"ಹಾಗಾದರೆ ಮೊದಲೇ ಹೀಗೆ ಬರೆಯಬಹುದಿತ್ತಲ್ಲ ಸರ್?" ಎಂದು ಒಬ್ಬರು ಕೇಳಿದಿರಿ. ನನಗೆ ಪೈಪ್ ಬೇಕಿತ್ತು. ದಾಖಲು ಎಲ್‌ಎಸ್ | ಡಬ್ಲ್ಯೂಸಿ -ಎಲ್ ಎಂದು ಕೊಟ್ಟರೆ ಪೈಪನ್ನು ಹೊರಗಿನ ಶೆಲ್ಲೇ ನುಂಗುತ್ತದೆ, ಲಾಗ್‌ಗೆ ಎಲ್‌ಎಸ್ ಮಾತ್ರ ಬೀಳುತ್ತದೆ. ಅದಕ್ಕಾಗಿ ಇಡೀ ಸಾಲನ್ನು ಕೋಟ್‌ನಲ್ಲಿಟ್ಟು ಕೊಟ್ಟರೂ ನಡೆಯಲಿ, ಬಿಡಿಬಿಡಿಯಾಗಿ ಕೊಟ್ಟರೂ ನಡೆಯಲಿ ಎಂದು ಆಸೆಪಟ್ಟೆ. ಎರಡೂ ದೋಣಿಗೆ ಕಾಲಿಟ್ಟದ್ದೇ ತಪ್ಪು. ಈಗ ಬೇರೆ ಮಾಡಿದ್ದೇನೆ: ಬಿಡಿ ಕಮಾಂಡ್‌ಗೆ ‘ದಾಖಲು’, ಪೈಪ್ ಇದ್ದರೆ ‘ದಾಖಲುಸಾಲು’. ಎರಡನೆಯದು ಒಂದೇ ಒಂದು ಆರ್ಗ್ಯುಮೆಂಟ್ ತೆಗೆದುಕೊಳ್ಳುತ್ತದೆ, ಹೆಚ್ಚು ಕೊಟ್ಟರೆ ನಡೆಸಲು ಒಪ್ಪುವುದಿಲ್ಲ:

ದಾಖಲುಸಾಲು 'ಗ್ರೆಪ್ "ಹಳೆ ವರದಿ" ಪಟ್ಟಿ | ಡಬ್ಲ್ಯೂಸಿ -ಎಲ್'

ಹೊರಗಿನ ಸಿಂಗಲ್ ಕೋಟ್ ಮೊದಲ ಶೆಲ್‌ಗೆ, ಒಳಗಿನ ಡಬಲ್ ಕೋಟ್ ಎರಡನೆಯದಕ್ಕೆ. ಸರ್ವರಿಗೆ ಎಸ್‌ಎಸ್‌ಎಚ್ ಮೂಲಕ ಕಮಾಂಡ್ ಕಳಿಸುವಾಗಲೂ ಇದೇ ಲೆಕ್ಕ. ಅದೂ ಪದಗಳನ್ನು ಹೊಲಿದು ಆಚೆ ಬದಿಯ ಶೆಲ್‌ಗೆ ಮತ್ತೆ ಓದಲು ಕೊಡುತ್ತದೆ. ಎಷ್ಟು ಶೆಲ್ ಓದುತ್ತದೋ ಅಷ್ಟು ಲಕೋಟೆ.

ಪಾಠದ ಹಾಳೆಯಿಂದ ಕಮಾಂಡ್ ಕಾಪಿ ಮಾಡಿ ಅಂಟಿಸುವವರಿಗೆ ಒಂದು ಎಚ್ಚರಿಕೆ. ವರ್ಡ್‌ನಲ್ಲಿ ಟೈಪ್ ಮಾಡಿದರೆ ನೆಟ್ಟಗಿನ ಕೋಟ್ ತಾನಾಗಿ ಬಾಗಿದ ಕೋಟ್ ಆಗುತ್ತದೆ. ಕಣ್ಣಿಗೆ ಚಂದ, ಶೆಲ್‌ಗೆ ಅದು ಕೋಟೇ ಅಲ್ಲ, ಯಾವುದೋ ಒಂದು ಅಕ್ಷರ. ಈ ವಾರ್ತಾಪತ್ರದ ಸಂಪಾದಕರಿಗೂ ಕಮಾಂಡ್ ಸಾಲುಗಳನ್ನು ಮುಟ್ಟಬೇಡಿ ಎಂದು ಕೇಳಿಕೊಂಡಿದ್ದೇನೆ.

ಅಳಿಸಿಹೋದ ವರದಿ ಮರಳಿ ಸಿಗಲಿಲ್ಲ. ಉಳಿದಿದ್ದ ಹಳೆಯ ಕರಡನ್ನೇ ಇಟ್ಟುಕೊಂಡು ಅವಳು ಮತ್ತೆ ಬರೆದಳು. ನಾನು ಒಪ್ಪಿಸುವ ದಿನವನ್ನು ಮುಂದೂಡಿದೆ, ಗದರಿಸಿದ ಕೋಣೆಯಲ್ಲೇ, ಅದೇ ತರಗತಿಯ ಎದುರು ಕ್ಷಮೆಯನ್ನೂ ಕೇಳಿದೆ. ಆ ದಿನದ ಲಾಗ್ ಸಾಲನ್ನು ತೆಗೆದಿಲ್ಲ. ಅದರ ಕೆಳಗೆ, ಮೇಲಿನ ಕಮಾಂಡನ್ನು ಸ್ಕ್ರಿಪ್ಟ್ ಬದಲಿಸಿದೆ, ವಿದ್ಯಾರ್ಥಿನಿಯದಲ್ಲ ಎಂದು ನನ್ನ ಹೆಸರಿನಲ್ಲಿ ಒಂದು ಸಾಲು ಸೇರಿಸಿದ್ದೇನೆ.

ಮುಂದಿನ ಲ್ಯಾಬಿಗೆ ಒಂದು ಪ್ರಶ್ನೆ. ಕಂಪ್ಯೂಟರ್ ಮುಟ್ಟದೆ, ಕಾಗದದ ಮೇಲೆ ಉತ್ತರ ಬರೆದು ತನ್ನಿ.

ದಾಖಲು ತೋರಿಸು "ಅ ಆ"'ಇ ಈ' \"ಉ ಊ\"

ಹೊಸ ‘ದಾಖಲು’ ಇದ್ದರೆ ‘ತೋರಿಸು’ ಎಷ್ಟು ಸಾಲು ತೋರಿಸುತ್ತದೆ? ನನ್ನ ಹಳೆಯ ‘ದಾಖಲು’ ಇದ್ದಿದ್ದರೆ ಎಷ್ಟು? ಎರಡರ ಉತ್ತರ ಒಂದೇ ಅಲ್ಲ. ಪ್ರತಿ ಸಾಲಿನಲ್ಲೂ ಏನು ಬರುತ್ತದೆ ಎಂದು ಬರೆಯಿರಿ, ಬರೀ ಸಂಖ್ಯೆ ಬರೆದರೆ ಅರ್ಧ ಅಂಕ.