ಬಸಳೆಯ ಚಪ್ಪರ: ಬೆಳೆಸುವ ಕ್ರಮ ಮತ್ತು ತರಗತಿಯ ಬಳಕೆ

ಕಾಸರಗೋಡಿನ ಕನ್ನಡ ಮನೆಗಳ ಹಿತ್ತಿಲಲ್ಲಿ, ಬಾವಿಕಟ್ಟೆಯ ಬಳಿಯಲ್ಲೋ ಬಚ್ಚಲ ನೀರು ಹರಿಯುವ ಕಡೆಯಲ್ಲೋ, ಬಸಳೆಯ ಚಪ್ಪರವಿರುವುದು ರೂಢಿ. ಪೇಟೆಯಿಂದ ತಂದ ತರಕಾರಿ ಮುಗಿದ ದಿನ ಅಡುಗೆಗೆ ಒದಗುವ ಬಳ್ಳಿಯಿದು. ಗಡಿನಾಡಿನ ಶಾಲೆಗಳಲ್ಲಿ ವಿಜ್ಞಾನದ ಪಾಠಕ್ಕೂ ಭಾಷೆಯ ಪಾಠಕ್ಕೂ ಈ ಒಂದೇ ಗಿಡವನ್ನು ಬೋಧನಸಾಮಗ್ರಿಯನ್ನಾಗಿ ಬಳಸಬಹುದು.

ಗಿಡದ ಪರಿಚಯ

ಬಸಳೆಯ ಶಾಸ್ತ್ರೀಯ ನಾಮ ಬಸೆಲ್ಲ ಆಲ್ಬ. ಹಸಿರು ದಂಟಿನದು ಮತ್ತು ಕೆಂಪು ದಂಟಿನದು ಎಂದು ಇದರಲ್ಲಿ ಎರಡು ಬಗೆಗಳುಂಟು. ಎಲೆ ದಪ್ಪ, ಒಳಗೆ ಲೋಳೆ, ದಂಟು ರಸಭರಿತ. ಎರಡೂ ಅಡುಗೆಗೆ ಯೋಗ್ಯ. ಮಲಬಾರಿನ ಸಸ್ಯಗಳನ್ನು ಕುರಿತು 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡಾಮಿನಲ್ಲಿ ಹನ್ನೆರಡು ಸಂಪುಟಗಳಾಗಿ ಪ್ರಕಟವಾದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದಲ್ಲಿ ಇದರ ವರ್ಣನೆಯಿದೆ. ಈ ನಾಡಿನ ಜನರ ಬಾಯಲ್ಲಿದ್ದ ಹೆಸರೇ ಅಲ್ಪ ವ್ಯತ್ಯಾಸದೊಡನೆ ಸಸ್ಯಶಾಸ್ತ್ರದ ಹೆಸರಾಯಿತು.

ನೆಡುವ ಕ್ರಮ

ಬೀಜದಿಂದಲೂ ಬಸಳೆಯನ್ನು ಬೆಳೆಸಬಹುದು; ಆದರೆ ದಂಟಿನ ತುಂಡನ್ನು ನೆಡುವುದು ಸುಲಭ. ಬಲಿತ ದಂಟಿನಿಂದ ಮೂರು ನಾಲ್ಕು ಗೆಣ್ಣುಗಳಿರುವ, ಒಂದು ಗೇಣುದ್ದದ ತುಂಡನ್ನು ಕತ್ತರಿಸಿಕೊಂಡು, ಎರಡು ಗೆಣ್ಣುಗಳಾದರೂ ಮಣ್ಣಿನೊಳಗೆ ಇರುವಂತೆ ನೆಡಬೇಕು. ಹಟ್ಟಿಗೊಬ್ಬರ ಮತ್ತು ಸುಡುಮಣ್ಣು ಬೆರೆಸಿದ ಸಡಿಲ ಮಣ್ಣು ಉತ್ತಮ. ಬಸಳೆಗೆ ತೇವ ಬೇಕು, ಆದರೆ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಆದುದರಿಂದ ಮಳೆಗಾಲದಲ್ಲಿ ಮಣ್ಣನ್ನು ಏರಿಸಿ ದಿಬ್ಬ ಮಾಡಬೇಕು. ಬೇಸಿಗೆಯಲ್ಲಿ ಬುಡಕ್ಕೆ ಒಣ ಎಲೆಗಳನ್ನು ಹೊದಿಸಿ ತಪ್ಪದೆ ನೀರುಣಿಸಬೇಕು. ಎಲೆಗಳ ಮೇಲೆ ಕೆಂಪಂಚಿನ ಚುಕ್ಕೆಗಳು ಕಂಡರೆ ಅಂಥ ಎಲೆಗಳನ್ನು ಕಿತ್ತು ದೂರ ಹಾಕಬೇಕು.

ಕೊಯ್ಯುವುದೇ ಆರೈಕೆ

ಬಳ್ಳಿ ಚಪ್ಪರಕ್ಕೆ ಹಬ್ಬಿದ ಮೇಲೆ ಕುಡಿಗಳನ್ನು ಕೊಯ್ಯಲು ಆರಂಭಿಸಬೇಕು. ಬೆಳೆಯುತ್ತಿರುವ ಕುಡಿಯು ಪಕ್ಕದ ಮೊಗ್ಗುಗಳನ್ನು ತಡೆದಿಟ್ಟಿರುತ್ತದೆ. ಕುಡಿಯನ್ನು ಚಿವುಟಿದೊಡನೆ ಕೆಳಗಿನ ಗೆಣ್ಣುಗಳಿಂದ ಹೊಸ ಕವಲುಗಳು ಒಡೆಯುತ್ತವೆ. ಕೊಯ್ಯದೆ ಬಿಟ್ಟ ಬಳ್ಳಿಯ ದಂಟು ನಾರಾಗುತ್ತದೆ. ಹಗಲು ಕಿರಿದಾಗುವ ತಿಂಗಳುಗಳಲ್ಲಿ ಅದು ಹೂಬಿಟ್ಟು, ಎಲೆಗಳು ಸಣ್ಣವಾಗುತ್ತವೆ.

ಶಾಲೆಯ ತೋಟಗಳಲ್ಲಿ ಈ ಅಂಶಕ್ಕೆ ವಿಶೇಷ ಗಮನ ಅಗತ್ಯ. ಗಿಡವನ್ನು ಮುಟ್ಟಬಾರದೆಂಬ ನಿಯಮ ಗುಲಾಬಿಗೆ ಸಲ್ಲಬಹುದು, ಬಸಳೆಗೆ ಸಲ್ಲದು. ಮುಟ್ಟದೆ ಕಾಪಾಡಿದ ಚಪ್ಪರ ನೋಡಲು ದಟ್ಟವಾಗಿದ್ದರೂ ಅಡುಗೆಗೆ ಒದಗದು. ಎಲ್ಲಿ ಕತ್ತರಿಸಬೇಕು, ಎಷ್ಟು ಉಳಿಸಬೇಕು ಎಂಬುದನ್ನು ಮಕ್ಕಳು ಕೈಯಾರೆ ಮಾಡಿಯೇ ಕಲಿಯಬೇಕು. ಬಸಳೆಯಲ್ಲಿ ಆಕ್ಸಲೇಟ್ ಅಂಶವಿರುವುದರಿಂದ ಮೂತ್ರಪಿಂಡದ ಕಲ್ಲಿನ ತೊಂದರೆಯುಳ್ಳವರು ವೈದ್ಯರ ಸಲಹೆಯಂತೆ ಬಳಸಬೇಕೆಂಬುದನ್ನೂ ತಿಳಿಸಬಹುದು.

ಒಂದು ಗಿಡ, ಹಲವು ಹೆಸರು

ಕನ್ನಡದ ಬಸಳೆ ತಮಿಳಿನಲ್ಲಿ ಪಸಲೈ, ತೆಲುಗಿನಲ್ಲಿ ಬಚ್ಚಲಿ, ಮರಾಠಿಯಲ್ಲಿ ಮಯಾಳು. ಮಲಯಾಳದಲ್ಲಿ ಇದಕ್ಕೆ ವಳ್ಳಿಚ್ಚೀರ ಎಂಬ ಹೆಸರುಂಟು. ಬಳ್ಳಿಯಾಗಿ ಹಬ್ಬುವ ಸೊಪ್ಪು ಎಂದರ್ಥ. ಮಲಯಾಳದ ‘ವಳ್ಳಿ’ಯೇ ಕನ್ನಡದ ‘ಬಳ್ಳಿ’. ಅಲ್ಲಿ ಪದದ ಆದಿಯಲ್ಲಿ ವಕಾರವಿರುವೆಡೆ ಕನ್ನಡದಲ್ಲಿ ಅನೇಕ ಕಡೆ ಬಕಾರ ಬರುತ್ತದೆ. ತಮಿಳಿನ ‘ವಾ’ ಕನ್ನಡದ ‘ಬಾ’ ಆಗಿರುವುದೂ ಇದೇ ಬಗೆಯದು.

ಗಡಿನಾಡಿನ ಮಗು ಮನೆಯಲ್ಲಿ ಒಂದು ರೂಪವನ್ನೂ ಬೀದಿಯಲ್ಲಿ ಇನ್ನೊಂದು ರೂಪವನ್ನೂ ದಿನವೂ ಕೇಳುತ್ತದೆ. ಎರಡರಲ್ಲೊಂದು ತಪ್ಪಿರಬೇಕೆಂದು ಅದು ಭಾವಿಸುವುದುಂಟು. ಹಲವು ವೇಳೆ ತಪ್ಪೆಂದು ಬಗೆಯುವುದು ತನ್ನ ಮನೆಯ ಮಾತನ್ನೇ. ಒಂದೇ ಮೂಲದ ಪದ ಎರಡು ಭಾಷೆಗಳಲ್ಲಿ ನಿಯಮಬದ್ಧವಾಗಿ ಎರಡು ರೂಪ ತಾಳಿದೆ ಎಂದು ತೋರಿಸಿಕೊಟ್ಟರೆ ಆ ಸಂಕೋಚ ನೀಗುತ್ತದೆ. ನೆರೆಯ ಭಾಷೆಯ ಮೇಲೆ ಗೌರವವೂ ಮೂಡುತ್ತದೆ.

ಚಟುವಟಿಕೆಗಳು

1. ಗೆಣ್ಣಿರುವ ಒಂದು ತುಂಡನ್ನೂ ಎರಡು ಗೆಣ್ಣುಗಳ ನಡುವಿನ ಒಂದು ತುಂಡನ್ನೂ ನೆಡಿಸಿ, ಚಿಗುರು ಎಲ್ಲಿಂದ ಬರುತ್ತದೆಂಬುದನ್ನು ಮಕ್ಕಳು ಪ್ರತಿದಿನ ಬರೆದಿಡಲಿ.

2. ಒಂದು ಬಳ್ಳಿಯ ಕುಡಿ ಚಿವುಟಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಒಂದು ತಿಂಗಳ ಬಳಿಕ ಎರಡರ ಕವಲುಗಳನ್ನೂ ಎಣಿಸಲಿ.

3. ವಕಾರ–ಬಕಾರಗಳ ಇಂಥ ಜೋಡಿಪದಗಳನ್ನು ಮನೆಯ ಹಿರಿಯರಿಂದಲೂ ನೆರೆಯವರಿಂದಲೂ ಕೇಳಿ ಸಂಗ್ರಹಿಸಲಿ. ಬಸಳೆಯ ಮಾಗಿದ ಹಣ್ಣನ್ನು ಹಿಂಡಿದರೆ ನೇರಳೆಗೆಂಪು ರಸ ಬರುತ್ತದೆ. ಆ ಪಟ್ಟಿಯನ್ನು ಬರೆಯಲು ಶಾಯಿಯಾಗಿ ಅದೇ ಸಾಕು.